ತೊಳೆಯದ ಸ್ಪಂಜು

ಫೆಬ್ರವರಿ 3

ಅಕ್ಕಾ,

ಹಜಾರದಲ್ಲಿ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ ಬಂದು ಕೂತಿದೆ. ಇನ್ನೂರೈವತ್ತು ಲೀಟರ್ ನೀರು ತುಂಬಿದ್ದೇನೆ. ಮೀನು ಒಂದೂ ಇಲ್ಲ. ಇನ್ನು ಐದಾರು ವಾರ ಇರುವುದೂ ಇಲ್ಲ.

ಹೌದು, ಮತ್ತೆ ಡಿಸ್ಕಸ್ ಮೀನು. ಹತ್ತೊಂಬತ್ತು ವರ್ಷದ ಮೇಲೆ. ಬೈಯುವುದಿದ್ದರೆ ಪೂರ್ತಿ ಓದಿ ಬೈಯಿ.

ಮುದ್ರಣಾಲಯದವರು ನನ್ನನ್ನು ಮನೆಗೆ ಕಳಿಸಿ ಎಂಟು ತಿಂಗಳಾಯಿತು. ಮೂವತ್ತೊಂದು ವರ್ಷ ಆ ಯಂತ್ರಗಳ ಪಕ್ಕ ನಿಂತು ಕಿವಿ ಹೋಗಿದೆ, ಫೋನಿನಲ್ಲಿ ನಿನ್ನ ಮಾತು ಅರ್ಧವೂ ತಿಳಿಯುವುದಿಲ್ಲ. ಮೊನ್ನೆ ಚಪ್ಪಲಿ ಹೊಲಿಸಲು ಹೋದವನು ಮೀನಿನ ಅಂಗಡಿಯ ಮುಂದೆ ನಿಂತೆ. ಒಳಗೆ ಹಿಂದಿನ ಸಾಲಿನಲ್ಲಿ, ತಟ್ಟೆಯಂತೆ ದುಂಡಗಿನ, ಚಪ್ಪಟೆ ಮೀನೊಂದು ಅಲುಗಾಡದೆ ನಿಂತು ನನ್ನನ್ನೇ ನೋಡುತ್ತಿತ್ತು. ನಾನು ಒಂದು ಹೆಜ್ಜೆ ಸರಿದೆ. ಅದೂ ಸರಿಯಿತು. ಚಪ್ಪಲಿ ಹೊಲಿಸುವುದು ಮರೆತೇಹೋಯಿತು.

ಅಂಗಡಿಯವನು ಒಳ್ಳೆಯವ. ತನ್ನ ತೊಟ್ಟಿಯೊಂದರಲ್ಲಿ ವರ್ಷಗಟ್ಟಲೆ ಇದ್ದ ಸ್ಪಂಜನ್ನು ನೀರಿನ ಸಮೇತ ಚೀಲಕ್ಕೆ ಹಾಕಿ ಕೊಟ್ಟ. ಕೊಳಕು ಕಂದು ಬಣ್ಣ. ಕಿವಿಯ ಹತ್ತಿರ ಬಾಯಿ ತಂದು ಕೂಗಿದ: "ಇದನ್ನ ತೊಳೀಬೇಡಿ ಸಾರ್! ಹೀಗೇ ತಗೊಂಡ್ಹೋಗಿ, ಹಾಗೇ ನೀರಿಗೆ ಬಿಡಿ!" ಹಾಗೇ ಬಿಟ್ಟಿದ್ದೇನೆ. ಅದಕ್ಕೆ ಗಾಳಿ ಊದುವ ಪಂಪಿನ ಜೊತೆಗೆ, ಬ್ಯಾಟರಿಯಿಂದ ಓಡುವ ಇನ್ನೊಂದು ಪಂಪನ್ನೂ ತಂದಿದ್ದೇನೆ. ಕರೆಂಟು ಹೋದರೆ ಇರಲಿ ಎಂದು.

ನೀರು ಹದವಾಗಲೆಂದು ಖಾಲಿ ತೊಟ್ಟಿಗೆ ದಿನವೂ ಚಿಟಿಕೆ ಆಹಾರ ಹಾಕುತ್ತೇನೆ. ಕೆಳಗಿನ ಮನೆಯ ದರ್ಜಿಯಮ್ಮ ನೋಡಿದಳು. "ಏನ್ರೀ, ಬರೀ ನೀರಿಗೆ ಊಟ ಹಾಕ್ತಿದೀರಾ? ನನಗೂ ಒಂದು ತಟ್ಟೆ ಹಾಕಿ, ನಾನಾದ್ರೂ ಚೆನ್ನಾಗಿತ್ತು ಅಂತ ಹೇಳ್ತೀನಿ."

ಹೇಗಿದ್ದೀಯ?

ನಿನ್ನ ತಮ್ಮ


ಫೆಬ್ರವರಿ 16

ತಮ್ಮಾ,

ಪತ್ರ ತಲುಪಿತು. ಬೈಯುವುದಿಲ್ಲ.

ಚೆನ್ನಾಗಿದ್ದೇನೆ. ನಿವೃತ್ತಿಯಾದ ಮೇಲೂ ವಾರಕ್ಕೆರಡು ದಿನ ಆಸ್ಪತ್ರೆಯವರು ಕರೆಯುತ್ತಾರೆ, ಆಪರೇಷನ್ ಸಾಮಾನು ಶುದ್ಧ ಮಾಡುವ ಕೋಣೆಯ ಹೊಸಬರಿಗೆ ಹೇಳಿಕೊಡಲು. ಕತ್ತರಿ, ಚಿಮಟ, ಸೂಜಿ ಎಲ್ಲವನ್ನೂ ಎಣಿಸಿ ಒಳಗೆ ತೆಗೆದುಕೊಳ್ಳುವುದು, ಉಜ್ಜುವುದು, ಹಬೆಯಲ್ಲಿಡುವುದು, ಎಣಿಸಿ ಹೊರಗೆ ಕೊಡುವುದು. ಕತ್ತರಿಯ ಸಂದಿಯಲ್ಲಿ ಉಳಿದ ಕಂದು ಚುಕ್ಕೆಯನ್ನು ತೋರಿಸಿದರೆ ಒಬ್ಬಳು "ಅದು ತುಕ್ಕು ಮೇಡಂ" ಅಂದಳು. "ತುಕ್ಕಾದ್ರೆ ನಾಳೆಯಿಂದ ನೀನು ಮೇಡಂ, ನಾನು ಕಲಿಯೋಳು" ಎಂದು ಉಜ್ಜಿ ತೋರಿಸಿದೆ. ಹೋಯಿತು. ಕಂದು ಬಣ್ಣ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ, ನಿನಗೆ ಗೊತ್ತಿರುವುದೇ.

ಬ್ಯಾಟರಿ ಪಂಪು ತಂದದ್ದು ಸರಿ. ಅದನ್ನು ನನಗೆ ಬರೆಯದಿದ್ದರೂ ನಡೆಯುತ್ತಿತ್ತು.

ಮುಂದಿನ ಸಲ ನಿನ್ನ ಆರೋಗ್ಯದ ಬಗ್ಗೆ ಬರೆ.

ಅಕ್ಕ


ಮಾರ್ಚ್ 21

ಅಕ್ಕಾ,

ಆರೋಗ್ಯ ಚೆನ್ನಾಗಿದೆ. ಮುಗಿಯಿತು. ಈಗ ಮೀನು.

ಪುಟ್ಟ ಗಾಜಿನ ನಳಿಗೆಯಲ್ಲಿ ತೊಟ್ಟಿಯ ನೀರು ಹಿಡಿದು, ಔಷಧದ ಹನಿ ಬಿಟ್ಟು ಕಾಯಬೇಕು. ಹಸಿರಾದರೆ ನೀರಿನಲ್ಲಿ ವಿಷವಿದೆ, ಹಳದಿಯಾಗಿಯೇ ಉಳಿದರೆ ಇಲ್ಲ. ಐದು ವಾರ ಹಸಿರು, ತಿಳಿಹಸಿರು, ಮತ್ತೆ ಹಸಿರು. ಹೋದ ಸೋಮವಾರ ಹಳದಿ. ಮಂಗಳವಾರವೂ ಹಳದಿ. ಬುಧವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆರೆಯುವ ಮೊದಲೇ ಅಲ್ಲಿದ್ದೆ.

ಆರು ತಂದೆ, ಅಂಗೈಯಗಲದವು. ಚೀಲದಲ್ಲಿ ಕಪ್ಪಗೆ ಮುದುಡಿಕೊಂಡಿದ್ದವು. ಬಿಟ್ಟ ಮೇಲೆ ಎರಡು ದಿನ ಮೂಲೆ ಬಿಟ್ಟು ಬರಲಿಲ್ಲ. ಮೂರನೆಯ ದಿನ ಕಾಫಿ ಲೋಟ ಹಿಡಿದು ಕೂತಿದ್ದೆ. ಒಂದು ಬಂತು. ಗಾಜಿಗೆ ಮುಖವಿಟ್ಟು ನಿಂತಿತು. ಕೆಂಪು ಕಣ್ಣು, ಅದರ ಸುತ್ತ ಚಿನ್ನದ ಗೆರೆ. ಮೈಮೇಲೆ ನೀಲಿ ಗೆರೆಗಳು ಹರಿದಾಡುತ್ತಿದ್ದವು ಅಕ್ಕಾ, ನಿಂತಲ್ಲೇ. ಅಷ್ಟು ವರ್ಷ ಬಣ್ಣದ ಶಾಯಿಯ ಜೊತೆ ಬದುಕಿದವನು ನಾನು, ಆ ನೀಲಿಯನ್ನು ಯಾವ ಕಾಗದದ ಮೇಲೂ ಕಂಡಿಲ್ಲ. ಕಾಫಿ ಆರಿ ತಣ್ಣಗಾಗಿತ್ತು.

ಪಂಪು ಓಡುತ್ತಿದೆಯೋ ಇಲ್ಲವೋ ನನಗೆ ಕೇಳಿಸುವುದಿಲ್ಲ. ಯಂತ್ರಕ್ಕೆ ಅಂಗೈ ಇಟ್ಟು ಅದರ ಓಟ ತಿಳಿಯುತ್ತಿದ್ದೆನಲ್ಲ, ಹಾಗೆಯೇ ಗಾಜಿಗೆ ಅಂಗೈ ಇಡುತ್ತೇನೆ. ಸಣ್ಣಗೆ ನಡುಗುತ್ತಿದ್ದರೆ ಸರಿ. ಕೈ ಇಟ್ಟಲ್ಲಿಗೇ ಆರೂ ಬಂದು ನಿಲ್ಲುತ್ತವೆ.

ಬಂದು ನೋಡಬಾರದೇ? ನನ್ನ ಮನೆಯ ಮೆಟ್ಟಿಲು ಹತ್ತಿ ಎಷ್ಟು ವರ್ಷವಾಯಿತು ನೀನು.

ತಮ್ಮ


ಏಪ್ರಿಲ್ 5

ತಮ್ಮಾ,

ಸೊಂಟ ನೋವು, ಅಷ್ಟು ದೂರದ ಪ್ರಯಾಣ ಸದ್ಯಕ್ಕೆ ಆಗದು.

ಒಂದು ಕೇಳಬೇಕಿತ್ತು. ಆ ಕಂದು ಸ್ಪಂಜನ್ನು ತೊಳೆಯಬಾರದೆಂದು ಅಂಗಡಿಯವನು ಯಾಕೆ ಹೇಳಿದ?

ಅಕ್ಕ


ಏಪ್ರಿಲ್ 14

ಅಕ್ಕಾ,

ಅಂತೂ ನೀನೂ ಕೇಳಿದೆ! ಎಷ್ಟು ಖುಷಿಯಾಯಿತು ಗೊತ್ತಾ.

ಆ ಕಂದು ಬಣ್ಣ ಕೊಳೆಯಲ್ಲ, ಜೀವ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಕೋಟಿಗಟ್ಟಲೆ ಅದರೊಳಗೆ ಸಂಸಾರ ಮಾಡಿಕೊಂಡಿವೆ. ಮೀನಿನ ಉಚ್ಚೆ, ಕಕ್ಕ, ಉಳಿದ ಆಹಾರ ಎಲ್ಲ ಸೇರಿ ನೀರಿನಲ್ಲಿ ವಿಷವಾಗುತ್ತದೆ. ಅದನ್ನು ಇವು ತಿಂದು ಅರಗಿಸುತ್ತವೆ. ನಾನು ಐದು ವಾರ ಕಾದದ್ದು ಮೀನಿಗಾಗಿ ಅಲ್ಲ, ಇವಕ್ಕಾಗಿ. ನಲ್ಲಿ ನೀರಿನ ಔಷಧ ತಾಗಿದರೂ ಸಾಯುತ್ತವೆ, ಬಿಸಿ ತಾಗಿದರಂತೂ ಮುಗಿಯಿತು. ಇವು ಸತ್ತರೆ ಮೂರು ನಾಲ್ಕು ದಿನದಲ್ಲಿ ಮೀನೂ ಸಾಯುತ್ತವೆ, ಪಳಪಳ ಹೊಳೆಯುವ ನೀರಿನಲ್ಲೇ. ಹಿಂದೆ ಮೀನು ಸಾಕಿದಾಗ ನನಗೂ ಇದು ಸರಿಯಾಗಿ ಗೊತ್ತಿರಲಿಲ್ಲ. ನೀರು ತಿಳಿಯಾಗಿದ್ದರೆ ಸಾಕು ಅಂದುಕೊಂಡಿದ್ದೆ.

ಈಗ ದಿನಕ್ಕೊಮ್ಮೆ ಮೀನು ನೋಡುವ ಮೊದಲು ಸ್ಪಂಜನ್ನು ನೋಡುತ್ತೇನೆ. ಏನೂ ಕಾಣುವುದಿಲ್ಲ. ಆದರೂ ನೋಡುತ್ತೇನೆ.

ಇನ್ನೇನಾದರೂ ಕೇಳು.

ತಮ್ಮ


ಜುಲೈ 30

ಅಕ್ಕಾ,

ಮೂರೂವರೆ ತಿಂಗಳಾಯಿತು. ಎರಡು ಕಾರ್ಡು ಹಾಕಿದೆ, ಉತ್ತರವಿಲ್ಲ. ನಿನ್ನ ಪಕ್ಕದ ಮನೆಯವರಿಗೆ ದರ್ಜಿಯಮ್ಮನಿಂದ ಫೋನ್ ಮಾಡಿಸಿದೆ. "ಚೆನ್ನಾಗಿದ್ದಾರಂತೆ, ದಿನಾ ವಾಕಿಂಗ್ ಹೋಗ್ತಾರಂತೆ" ಅಂದಳು. ಸೊಂಟ ನೋವು ವಾಸಿಯಾಯಿತೆಂದು ತಿಳಿದು ಸಂತೋಷ.

ಆರರಲ್ಲಿ ಒಂದು ಗಂಡು, ಒಂದು ಹೆಣ್ಣು ಜೋಡಿಯಾಗಿವೆ. ಉಳಿದವನ್ನು ಹತ್ತಿರ ಸೇರಿಸುವುದಿಲ್ಲ. ಹಾಗಾಗಿ ಆ ನಾಲ್ಕನ್ನು ಅಂಗಡಿಯವನಿಗೇ ವಾಪಸ್ ಕೊಟ್ಟೆ. ಮಣ್ಣಿನ ಕುಂಡವೊಂದನ್ನು ಮಗುಚಿ ತೊಟ್ಟಿಯೊಳಗೆ ಇಟ್ಟಿದ್ದೇನೆ. ಇಬ್ಬರೂ ಸೇರಿ ಅದನ್ನು ಬಾಯಿಂದ ಉಜ್ಜಿ ಉಜ್ಜಿ ಶುಚಿ ಮಾಡಿದರು, ಥೇಟ್ ನಿನ್ನ ಹಾಗೆ. ಆಮೇಲೆ ಮೊಟ್ಟೆ. ಸಾಸಿವೆಗಿಂತ ಸಣ್ಣವು, ಸಾಲಾಗಿ. ಮಾರನೆಯ ದಿನ ನೋಡಿದರೆ ಒಂದೂ ಇಲ್ಲ, ತಾವೇ ತಿಂದುಬಿಟ್ಟಿವೆ. ಮೂರು ಸಲ ಹೀಗಾಯಿತು. ಹೊಸ ಜೋಡಿ, ಇನ್ನೂ ಕಲಿಯುತ್ತಿವೆ ಎನ್ನುತ್ತಾನೆ ಅಂಗಡಿಯವನು.

ನಾನೇನಾದರೂ ತಪ್ಪು ಬರೆದೆನೇ?

ತಮ್ಮ


ಸೆಪ್ಟೆಂಬರ್ 1

ಅಕ್ಕಾ,

ಆರೋಗ್ಯದ ಬಗ್ಗೆ ಬರೆ ಎಂದಿದ್ದೆಯಲ್ಲ, ಇಗೋ. ಹರ್ನಿಯಾ. ತೊಟ್ಟಿಯ ನೀರು ಬದಲಿಸಲು ಬಚ್ಚಲಿನ ಡ್ರಮ್ಮಿನಲ್ಲಿ ಒಂದು ದಿನ ಇಟ್ಟ ನೀರನ್ನು ಬಕೆಟ್ಟಿನಲ್ಲಿ ಹಜಾರಕ್ಕೆ ಹೊತ್ತ ಫಲ, ದಿನಕ್ಕೆ ಆರು ಬಕೆಟ್, ಬೆಳಗ್ಗೆ ತಪ್ಪದೆ. ಹೊಟ್ಟೆಯ ಕೆಳಗೆ ನಿಂಬೆಹಣ್ಣಿನ ಗಾತ್ರದ ಗಂಟು. ಡಾಕ್ಟರು ಕಾಗದದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದರು: ಇನ್ನು ತಡ ಮಾಡಿದರೆ ಕರುಳು ಸಿಕ್ಕಿಕೊಂಡು ಜೀವಕ್ಕೇ ಅಪಾಯ. ದೊಡ್ಡಾಸ್ಪತ್ರೆಯಲ್ಲಿ ಹದಿನೇಳಕ್ಕೆ ಆಪರೇಷನ್. ಎದೆಯ ಪರೀಕ್ಷೆಯೂ ಇದೆ, ಹತ್ತು ಹನ್ನೆರಡು ದಿನ ಅಲ್ಲೇ. ಆಮೇಲೆ ಆರು ವಾರ ಭಾರ ಎತ್ತುವಂತಿಲ್ಲ.

ಜೋಡಿಯನ್ನು ಅಂಗಡಿಗೆ ಕಳಿಸಲಾರೆ. ಜಾಗ ಬದಲಾದರೆ ಜೋಡಿ ಒಡೆಯುತ್ತದೆ. ದರ್ಜಿಯಮ್ಮನಿಗೆ ಈಚೆಗೆ ಮಂಡಿನೋವು, ದಿನವೂ ಮೆಟ್ಟಿಲು ಹತ್ತಲಾರಳು.

ನೀನು ಬರಬೇಕು. ನಿನ್ನನ್ನು ಬಿಟ್ಟರೆ ಬೇರೆ ಯಾರನ್ನೂ ನಂಬಿ ಬಿಡಲಾರೆ. ನೀನು ಬರುವುದಿಲ್ಲವೆಂದರೆ ಆಪರೇಷನ್ನನ್ನು ಮುಂದಕ್ಕೆ ಹಾಕುತ್ತೇನೆ. ಹೆದರಿಸಲು ಬರೆಯುತ್ತಿಲ್ಲ. ಅವನ್ನು ಸಾಯಲು ಬಿಟ್ಟು ಇನ್ನೊಂದು ಸಲ ಹೋಗಲಾರೆ.

ತಮ್ಮ


ಸೆಪ್ಟೆಂಬರ್ 5

ತಮ್ಮಾ,

ಆಪರೇಷನ್ ಮುಂದಕ್ಕೆ ಹಾಕಬೇಡ. ಮೀನನ್ನು ಅಂಗಡಿಯವನಿಗೆ ಕೊಡು. ನಾನು ಬರಲಾರೆ. ಬೇರೆ ಯಾರನ್ನಾದರೂ ನೋಡು.

ಅಕ್ಕ


ಸೆಪ್ಟೆಂಬರ್ 6

ತಮ್ಮಾ,

ನಿನ್ನೆಯ ಪತ್ರವನ್ನು ಡಬ್ಬಿಗೆ ಹಾಕಿದ ಕೂಡಲೇ ಕೈ ಒಳಗೆ ತೂರಿಸಿ ತೆಗೆಯಲಾಗುತ್ತದೆಯೇ ಎಂದು ನೋಡಿದೆ. ಯಾರೋ ಒಬ್ಬರು "ಏನಮ್ಮಾ, ಉಂಗುರ ಬಿತ್ತಾ?" ಎಂದು ಕೇಳಿದರು.

ಅವತ್ತು ಕರೆಂಟು ಹೋಗಿರಲಿಲ್ಲ.

ನೀನು ಹೊಸ ಯಂತ್ರ ಕಲಿಯಲು ಹದಿನೈದು ದಿನ ಬೇರೆ ಊರಿಗೆ ಹೋಗಿದ್ದೆ. ಮನೆ, ಮೀನು ನನ್ನ ಸುಪರ್ದಿಗೆ. ನೀನು ಹೇಳಿದ ಹಾಗೆಯೇ ಆಹಾರ ಹಾಕಿದೆ, ದೀಪ ಹಚ್ಚಿದೆ, ಆರಿಸಿದೆ. ಮೂರನೆಯ ದಿನ ಆ ಸ್ಪಂಜು ಕಣ್ಣಿಗೆ ಬಿತ್ತು. ಗಾಯದಿಂದ ತೆಗೆದ ಬಟ್ಟೆಯಂತಿತ್ತು. ತಮ್ಮ ಬರುವಷ್ಟರಲ್ಲಿ ಎಲ್ಲ ಥಳಥಳ ಅನ್ನಬೇಕು ಎಂದುಕೊಂಡೆ. ಅಡುಗೆಮನೆಯ ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ ಇಪ್ಪತ್ತು ನಿಮಿಷ ಇಟ್ಟೆ, ಗಡಿಯಾರ ನೋಡಿಕೊಂಡು, ಆಸ್ಪತ್ರೆಯಲ್ಲಿ ಮಾಡುವಂತೆಯೇ. ತಳದಲ್ಲಿದ್ದ ಕಲ್ಲುಗಳನ್ನೂ ಕುದಿಸಿದೆ. ಸ್ಪಂಜಿನ ನಿಜವಾದ ಬಣ್ಣ ನೀಲಿ ಎಂದು ಗೊತ್ತಾದದ್ದು ಆಗಲೇ. ಅದನ್ನು ನೋಡಿ ಎಷ್ಟು ಹೆಮ್ಮೆಪಟ್ಟೆ ಎಂಬುದನ್ನು ಹೇಗೆ ಬರೆಯಲಿ?

ಎರಡು ದಿನಕ್ಕೆ ಮೀನು ಮೇಲೆ ಬಂದು ಬಾಯಿ ಬಿಡತೊಡಗಿದವು. ಕುದಿಸಿದ ನಾಲ್ಕನೆಯ ದಿನಕ್ಕೆ ಏಳೂ ಹೋದವು. ನೀನು ಬಾಗಿಲಲ್ಲಿ ಪೆಟ್ಟಿಗೆ ಇಳಿಸುವ ಮೊದಲೇ "ಕರೆಂಟು ಹೋಗಿತ್ತು ಕಣೋ, ಒಂದೂವರೆ ದಿನ" ಎಂದುಬಿಟ್ಟೆ. ನೀನು ಒಂದು ಮಾತೂ ಆಡಲಿಲ್ಲ. ತೊಟ್ಟಿಯನ್ನು ಖಾಲಿ ಮಾಡಿ ಯಾರಿಗೋ ಕೊಟ್ಟೆ. ನಿನಗೆ ತಿಳಿದಿದೆ, ನನ್ನನ್ನು ಕ್ಷಮಿಸಿಲ್ಲ ಎಂದುಕೊಂಡೆ. ಆಮೇಲೆ ನಿನ್ನ ಮೆಟ್ಟಿಲು ಹತ್ತಲಿಲ್ಲ. ಕಾರಣ ಸೊಂಟವಲ್ಲ. ಬ್ಯಾಟರಿ ಪಂಪಿನ ಮಾತನ್ನೂ ಚುಚ್ಚಲೆಂದೇ ಬರೆದೆ ಎಂದುಕೊಂಡೆ.

ಆದರೂ ಇಷ್ಟು ವರ್ಷ ಅನುಮಾನವಷ್ಟೇ ಇತ್ತು. ಏಪ್ರಿಲಿನಲ್ಲಿ ನೀನು ಖುಷಿಯಿಂದ ಎಲ್ಲ ವಿವರಿಸಿದೆ. ಅನುಮಾನವೂ ಹೋಯಿತು.

ಈಗ ಹೇಳು, ನನ್ನನ್ನು ಕರೆಯುತ್ತೀಯಾ?

ಅಕ್ಕ


ಸೆಪ್ಟೆಂಬರ್ 10

ಅಕ್ಕಾ,

ಕರೆಂಟು ಹೋಗಿರಲಿಲ್ಲವೆಂದು ನನಗೆ ಅವತ್ತೇ ಗೊತ್ತಿತ್ತು. ಕಪಾಟಿನ ಮೇಲಿನ ಗಡಿಯಾರ ನೆನಪಿದೆಯಾ, ಕರೆಂಟಿನದು? ಒಂದು ಕ್ಷಣ ಕರೆಂಟು ಹೋದರೂ ಹನ್ನೆರಡಕ್ಕೆ ಹಿಂದಿರುಗಿ ಮಿಟುಕಿಸುತ್ತದೆ. ಅವತ್ತು ನಾಲ್ಕು ಇಪ್ಪತ್ತು ತೋರಿಸುತ್ತಿತ್ತು, ಸರಿಯಾಗಿ. ಅದಕ್ಕೆ ಸಮಯ ಕೂರಿಸುವುದು ನಿನಗೆ ಏನೇ ಮಾಡಿದರೂ ಬರುತ್ತಿರಲಿಲ್ಲ.

ನೀನು ಯಾಕೆ ಸುಳ್ಳು ಹೇಳಿದೆ ಎಂದೂ ನನಗೆ ಗೊತ್ತು ಎಂದುಕೊಂಡಿದ್ದೆ. ಈಗ ಕೇಳು. ನಾನು ಹೊರಡುವ ದಿನ ಒಂದು ಮೀನು ತಳದ ಕಲ್ಲಿಗೆ ಮೈ ಉಜ್ಜುತ್ತಿತ್ತು. ಹುಳ ಹತ್ತಿದೆ ಎಂದು ಹೆದರಿ, ಬಾಟಲಿಯಲ್ಲಿ ಬರೆದದ್ದರ ಎರಡರಷ್ಟು ಔಷಧ ಸುರಿದು ರೈಲು ಹತ್ತಿದೆ. ನಿನಗೆ ಹೇಳಲಿಲ್ಲ. ಹದಿನೈದು ದಿನವೂ ಅದೇ ಯೋಚನೆ. ಬಂದು ನೋಡಿದರೆ ತೊಟ್ಟಿಯಲ್ಲಿ ಮೀನಿಲ್ಲ, ಮೇಜಿನ ಮೇಲೆ ಆ ಬಾಟಲಿ. ನಿನಗೆ ತಿಳಿದುಹೋಯಿತು, ನನ್ನ ಮುಖ ಉಳಿಸಲು ಕರೆಂಟಿನ ಕಥೆ ಕಟ್ಟಿದೆ ಎಂದುಕೊಂಡೆ. ಅಷ್ಟು ದೊಡ್ಡ ಮನಸ್ಸಿನ ಮುಂದೆ ಔಷಧದ ಮಾತು ಎತ್ತಲಾಗಲಿಲ್ಲ. ಇಂಥವನು ಮೀನು ಸಾಕಬಾರದೆಂದು ತೊಟ್ಟಿ ಕೊಟ್ಟುಬಿಟ್ಟೆ. ನೀನು ಬರುವುದು ನಿಲ್ಲಿಸಿದಾಗ, ಇನ್ನು ಈ ಮುಖ ನೋಡಲು ನಿನಗೆ ಇಷ್ಟವಿಲ್ಲ ಎಂದುಕೊಂಡೆ. ಬ್ಯಾಟರಿ ಪಂಪು ತಂದದ್ದು ನಿನ್ನ ಕಥೆಯನ್ನು ಉಳಿಸಲು. ನನಗೇನೂ ಗೊತ್ತಿಲ್ಲ ಎಂದು ನಿನಗೆ ತೋರಿಸಲು.

ಯಾವುದು ಕೊಂದಿತು, ನನ್ನ ಔಷಧವೋ ನಿನ್ನ ಬಿಸಿನೀರೋ? ಎರಡೂ ಸ್ಪಂಜಿನ ಜೀವ ತೆಗೆಯಬಲ್ಲವು. ಇನ್ನು ತಿಳಿಯುವ ದಾರಿ ಇಲ್ಲ. ಈ ಪತ್ರವನ್ನು ಮೂರು ಸಲ ಬರೆದು ಹರಿದೆ. ನಮ್ಮಿಬ್ಬರ ನಡುವೆ ಇಷ್ಟು ವರ್ಷ ಏನಿತ್ತು ಎಂದು ಯೋಚಿಸಿದರೆ ತಲೆ ತಿರುಗುತ್ತದೆ.

ಕರೆಯುತ್ತಿದ್ದೇನೆ. ಕೀಲಿ ದರ್ಜಿಯಮ್ಮನ ಹತ್ತಿರ. ಬಕೆಟ್ಟನ್ನು ಅರ್ಧ ಮಾತ್ರ ತುಂಬಿಸು, ಮನೆಯಲ್ಲಿ ಇನ್ನೊಂದು ಹರ್ನಿಯಾ ಬೇಡ. ಆಸ್ಪತ್ರೆಗೆ ನನ್ನನ್ನು ನೋಡಲು ಬರಬೇಡ, ಅವನ್ನು ನೋಡು. ಹದಿನೈದಕ್ಕೆ ಹೊರಡುತ್ತೇನೆ.

ತಮ್ಮ


ಸೆಪ್ಟೆಂಬರ್ 20

ತಮ್ಮಾ,

ಆಪರೇಷನ್ ಚೆನ್ನಾಗಾಯಿತೆಂದು ವಾರ್ಡಿನವರು ಫೋನಿನಲ್ಲಿ ಹೇಳಿದರು. ನಾನು ನಿನ್ನ ಹಜಾರದಲ್ಲಿ ಕೂತು ಬರೆಯುತ್ತಿದ್ದೇನೆ. ಆ ಗಡಿಯಾರ ಇನ್ನೂ ಅಲ್ಲೇ ಇದೆ. ಐದು ನಿಮಿಷ ಮುಂದಿದೆ. ಅದನ್ನು ಮುಟ್ಟಿಲ್ಲ.

ದರ್ಜಿಯಮ್ಮ ಕೀಲಿ ಕೊಡುತ್ತಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀವೇನಾ ಅಕ್ಕ? ಸರಿಹೋಯ್ತು ಬಿಡಿ. ನಿಮ್ಮ ತಮ್ಮ ನಿಮ್ಮ ಬಗ್ಗೆ ಒಂದು ಹೇಳಿದ್ರೆ ಮೀನಿನ ಬಗ್ಗೆ ಹತ್ತು ಹೇಳ್ತಾರೆ."

ಮೊದಲ ದಿನ ನನ್ನನ್ನು ಕಂಡು ಮೀನೆರಡೂ ಕುಂಡದ ಹಿಂದೆ ಸೇರಿದವು. ಹೆದರಬೇಕಾದದ್ದೇ ಎಂದುಕೊಂಡೆ. ಸೋಪು ಹಾಕದೆ ಕೈ ತೊಳೆದು, ಮೊಣಕೈವರೆಗೆ, ಅರ್ಧರ್ಧ ಬಕೆಟ್ಟಿನಂತೆ ನೀರು ಬದಲಿಸಿದೆ. ದಿನಕ್ಕೆರಡು ಸಲ ನಳಿಗೆ ನೋಡುತ್ತೇನೆ. ಹಳದಿ.

ನಿನ್ನೆ ಮಧ್ಯಾಹ್ನ ಮೊಟ್ಟೆ ಇಟ್ಟಿವೆ. ಹೆಣ್ಣು ಕುಂಡದ ಮೇಲೆ ಕೆಳಗಿನಿಂದ ಮೇಲಕ್ಕೆ ಒಂದು ಸಾಲು ಇಡುತ್ತದೆ, ಸರಿಯುತ್ತದೆ. ಗಂಡು ಅದೇ ಸಾಲಿನ ಮೇಲೆ ಹಾದುಹೋಗುತ್ತದೆ. ಮತ್ತೆ ಅವಳು, ಮತ್ತೆ ಅವನು. ಒಂದು ಗಂಟೆ ಹತ್ತು ನಿಮಿಷ. ನಾನು ನಿಂತೇ ಇದ್ದೆ, ಕುರ್ಚಿ ಪಕ್ಕದಲ್ಲೇ ಇತ್ತು. ಇವತ್ತೂ ತಿಂದಿಲ್ಲ.

ಒಂದು ಹೆದರಿಕೆ. ಸ್ಪಂಜಿನಿಂದ ಬರುವ ಗುಳುಗುಳು ಸದ್ದು ನಿಧಾನವಾಗಿದೆ. ಮೊನ್ನೆಗಿಂತ ಅರ್ಧ. ನಿನಗೆ ಕೇಳಿಸದು, ನನಗೆ ಕೇಳಿಸುತ್ತದೆ. ಸ್ಪಂಜು ಕಟ್ಟಿಕೊಂಡಿರಬೇಕು. ಏನು ಮಾಡಲಿ? ನಾನು ಅದನ್ನು ಮುಟ್ಟುವುದಿಲ್ಲ. ಅಂಗಡಿಯವನನ್ನು ಕರೆಸಲೇ?

ಅಕ್ಕ


ಸೆಪ್ಟೆಂಬರ್ 22

ಅಕ್ಕಾ,

ಮಲಗಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ನೋಡಿ ನಗಬೇಡ. ಪಕ್ಕದ ಹಾಸಿಗೆಯ ಬಸ್ ಡ್ರೈವರು ನನಗೆ ಬಂದ ನಿನ್ನ ಪತ್ರ ತಾನೂ ಓದಿದ. "ಮೊಟ್ಟೆ ಉಳಿದ್ವಾ ಇಲ್ವಾ?" ಎಂದು ಬೆಳಗ್ಗೆಯಿಂದ ನನ್ನ ಪ್ರಾಣ ತೆಗೆಯುತ್ತಿದ್ದಾನೆ. ನಗಿಸಬೇಡ ಎಂದರೆ ಕೇಳುವುದಿಲ್ಲ. ನಕ್ಕರೆ ಹೊಲಿಗೆ ಎಳೆಯುತ್ತದೆ.

ಯಾರನ್ನೂ ಕರೆಸಬೇಡ. ಮೊಟ್ಟೆ ಇಟ್ಟಾಗ ಹೊಸಬರ ಕೈ ಕಂಡರೆ ತಿಂದುಬಿಡುತ್ತವೆ. ತೊಟ್ಟಿಯದೇ ನೀರನ್ನು ಅರ್ಧ ಬಕೆಟ್ ತೆಗೆ. ಅದರಲ್ಲಿ ಸ್ಪಂಜನ್ನು ಎರಡು ಸಲ ಮೆಲ್ಲಗೆ ಹಿಂಡು. ಎರಡೇ ಸಲ. ಇನ್ನೂ ಕೊಳಕಾಗಿ ಕಾಣುತ್ತದೆ. ಹಾಗೇ ವಾಪಸ್ ಇಡು.

ನೀನೇ ಮಾಡು.

ತಮ್ಮ


ಸೆಪ್ಟೆಂಬರ್ 26

ತಮ್ಮಾ,

ಪತ್ರ ಮೊನ್ನೆ ಬೆಳಗ್ಗೆ ಬಂತು. ಅಷ್ಟರಲ್ಲಿ ಮೊಟ್ಟೆಯೊಡೆದು, ಕುಂಡದ ಮೇಲೆ ಬರೀ ಬಾಲಗಳು ಅಲುಗಾಡುತ್ತಿದ್ದವು. ಸ್ಪಂಜಿನ ಸದ್ದು ಹೆಚ್ಚುಕಡಿಮೆ ನಿಂತಿತ್ತು. ಗುಳು, ಆಮೇಲೆ ಬಹಳ ಹೊತ್ತು ಏನೂ ಇಲ್ಲ, ಮತ್ತೆ ಗುಳು.

ಬಕೆಟ್ಟಿನ ಮುಂದೆ ಮೊಣಕಾಲೂರಿ ಕೂತೆ. ಒಂದು ಸಲ ಹಿಂಡಿದೆ. ಚಹಾದಂಥ ನೀರು ಬಂತು. ಎರಡನೆಯ ಸಲ ಇನ್ನೂ ಕಪ್ಪಗೆ. ನನ್ನ ಬೆರಳು ಮೂರನೆಯದಕ್ಕೆ ತಾನಾಗಿಯೇ ಮಡಚಿತು ಕಣೋ, ನಲವತ್ತು ವರ್ಷ ಉಜ್ಜಿದ ಬೆರಳು. ಬಿಡಿಸಿದೆ. ಸ್ಪಂಜು ಅಂಗೈಯಲ್ಲಿ ಕೊಳಕಾಗಿ, ಜಾರುತ್ತಾ, ಬೆಚ್ಚಗೆ ಕೂತಿತ್ತು. ನೀರು ಬೆಚ್ಚಗಿದ್ದದ್ದಕ್ಕೆ ಬೆಚ್ಚಗಿತ್ತು, ಗೊತ್ತು. ಆದರೂ ಹಕ್ಕಿಮರಿ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದು ವಾಪಸ್ ಇಟ್ಟೆ. ಗುಳುಗುಳು ಶುರುವಾಯಿತು. ನನಗೆ ಚೆನ್ನಾಗಿಯೇ ಕೇಳಿಸುತ್ತಿತ್ತು. ಆದರೂ ಗಾಜಿಗೆ ಅಂಗೈ ಇಟ್ಟು ನೋಡಿದೆ.

ಅವತ್ತು ನಾಲ್ಕು ಸಲ ನಳಿಗೆ ನೋಡಿದೆ, ನಿನ್ನೆ ಐದು ಸಲ. ಹಳದಿ. ಇವತ್ತು ಬೆಳಗ್ಗೆಯೂ ಹಳದಿ.

ಈಗ ಬರೆಯುವುದನ್ನು ನಿಧಾನವಾಗಿ ಓದು. ಡ್ರೈವರಿಗೂ ಓದಲು ಕೊಡು.

ನಿನ್ನೆ ಬೆಳಗ್ಗೆ ತಿಂಡಿ ಹೊತ್ತಿಗೆ ಕುಂಡ ಖಾಲಿಯಾಗಿತ್ತು. ತಿಂದುಬಿಟ್ಟವು ಎಂದುಕೊಂಡು ಕುರ್ಚಿಯಲ್ಲಿ ಕುಸಿದೆ. ಗಂಡು ಮೀನಿನ ಮೈ ಕಪ್ಪಾಗಿತ್ತು, ಮೈತುಂಬ ಧೂಳು ಅಂಟಿದಂತಿತ್ತು. ಕಾಯಿಲೆ ಬಂತೇ ಎಂದು ಹತ್ತಿರ ಹೋದೆ. ಆ ಧೂಳಿಗೆ ಕಣ್ಣುಗಳಿದ್ದವು.

ಮರಿಗಳು. ಅವನ ಮೈಗೆ ಎರಡೂ ಕಡೆ ಬಾಯಿಟ್ಟು ನೇತುಬಿದ್ದಿವೆ. ಅವನ ಮೈಯ ಲೋಳೆಯನ್ನೇ ತಿನ್ನುತ್ತಿವೆ ತಮ್ಮಾ. ಅಂಗಡಿಯವನಿಗೆ ಫೋನ್ ಮಾಡಿದೆ. "ಅದೇ ಅವಕ್ಕೆ ಹಾಲು ಅಮ್ಮಾ" ಎಂದ. ಅಪ್ಪನ ಮೈ, ಅಮ್ಮನ ಮೈ, ಎರಡೂ. ನಾನು ಇಷ್ಟು ವರ್ಷ ಲೋಳೆ ಎಂದರೆ ಉಜ್ಜಿ ತೆಗೆಯುವ ವಸ್ತು ಎಂದುಕೊಂಡು ಬದುಕಿದವಳು. ಗಾಜಿನ ಮುಂದೆ ನಿಂತೇಬಿಟ್ಟೆ.

ಇನ್ನೂ ಇದೆ. ಸ್ವಲ್ಪ ಹೊತ್ತಾದ ಮೇಲೆ ಅವನಿಗೆ ಸುಸ್ತಾಯಿತು. ಅವಳು ಎಲ್ಲಿದ್ದಳೋ, ಬಂದು ಪಕ್ಕದಲ್ಲಿ ನಿಂತಳು, ಒಂದು ಬೆರಳಿನಷ್ಟು ದೂರ. ಅವನು ಮೈಯನ್ನು ಒಂದೇ ಸಲ ಝಾಡಿಸಿ ಸರಕ್ಕನೆ ಸರಿದುಬಿಟ್ಟ. ಮರಿಗಳೆಲ್ಲ ಬರೀ ನೀರಿನಲ್ಲಿ ಒಂದು ಕ್ಷಣ ಚೆಲ್ಲಾಪಿಲ್ಲಿ. ಆಮೇಲೆ ಎಲ್ಲ ಒಟ್ಟಿಗೆ ತಿರುಗಿ ಅವಳ ಮೈಗೆ ಸೇರಿಕೊಂಡವು. ಒಂದು ಗಂಟೆಯ ಮೇಲೆ ಅವಳು ಕೊಟ್ಟಳು, ಅವನು ತೆಗೆದುಕೊಂಡ. ದಿನವಿಡೀ ಹೀಗೇ. ಯಾರೂ ಯಾರಿಗೂ ಹೇಳುವುದಿಲ್ಲ, ಹೊತ್ತು ತಪ್ಪುವುದಿಲ್ಲ.

ದರ್ಜಿಯಮ್ಮ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. ನೋಡಿದಳು. ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ಮತ್ತೆ ನೋಡಿದಳು. ಹೊರಡುವಾಗ "ಇವಕ್ಕೆ ಊಟ ಹಾಕೋ ಗೋಜೇ ಇಲ್ಲವಲ್ರೀ" ಅಂದಳು.

ಎಷ್ಟು ಮರಿ ಎಂದು ನೀನು ಕೇಳುತ್ತೀಯ. ಎಣಿಸಲು ಕೂತೆ. ಒಂದು ಸೂಜಿಯ ಲೆಕ್ಕವೂ ಯಾವತ್ತೂ ತಪ್ಪಿಸಿದವಳಲ್ಲ ನಾನು. ಎಪ್ಪತ್ತಮೂರಕ್ಕೆ ಬಂದಾಗ ಅವನು ಮೈ ಝಾಡಿಸಿದ. ಮತ್ತೆ ಮೊದಲಿನಿಂದ. ಅರವತ್ತಕ್ಕೆ ಅವಳು. ಆಮೇಲೆ ಎಣಿಸುವುದನ್ನು ಬಿಟ್ಟು ಸುಮ್ಮನೆ ನೋಡಿದೆ.

ನೀನು ಬಂದ ಮೇಲೆ ಆ ಕಡೆಯಿಂದ ನೀನು, ಈ ಕಡೆಯಿಂದ ನಾನು ಎಣಿಸೋಣ. ಆರು ವಾರ ನಿನಗೆ ಬಕೆಟ್ ಕೊಡುವುದಿಲ್ಲ, ನಾನು ಇಲ್ಲೇ ಇರುತ್ತೇನೆ. ಮೆಟ್ಟಿಲನ್ನು ನಿಧಾನವಾಗಿ ಹತ್ತು.

ಅಕ್ಕ